ಕಿವುಡನ ಮುಂದಿನ ಕಿನ್ನರಿ

ಮುಂಬೈ ಬಳಿಯ ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಸ್ವಂತ ಆಪರೇಟಿಂಗ್ ಸಿಸ್ಟಮ್ ಕಟ್ಟಲು ಹೊರಡುವವನು ಮೊದಲು ಅತ್ತೆಯವರ ಅನುಮತಿ ಪಡೆಯಬೇಕೆಂಬುದು ನನಗೆ ತಡವಾಗಿ ತಿಳಿಯಿತು. ಏಕೆಂದರೆ ಕಟ್ಟಿದ್ದು ಓಡುತ್ತದೋ ಇಲ್ಲವೋ ಎಂದು ನೋಡಲು ಪರದೆ ಬೇಕು, ಮನೆಯಲ್ಲಿ ಅದಕ್ಕೆ ಜೋಡಿಸಬಹುದಾದ ಒಂದೇ ಪರದೆ ಟಿವಿ, ಮತ್ತು ಧಾರವಾಡದಿಂದ ಅತ್ತೆ-ಮಾವ ಬಂದು ಆಗಿನ್ನೂ ನಾಲ್ಕು ದಿನಗಳಾಗಿದ್ದವು.

ಮೂಲೆಯಲ್ಲಿ ಬಿದ್ದಿದ್ದ ರಾಸ್ಪ್‌ಬೆರಿ ಪೈ 3 ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡಿಗಾಗಿ ಬಿಲ್ಡ್‌ರೂಟ್ ಎಂಬ ಸಲಕರಣೆ ಬಳಸಿ ನಾನೊಂದು ಪುಟ್ಟ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ತಯಾರಿಸಿದ್ದೆ. ಹಗುರವಾಗಿರಲಿ ಎಂಬ ಆಸೆಯಿಂದ, ಅದರ ತಿರುಳಾದ ಕರ್ನೆಲ್ಲಿನಲ್ಲಿ ಹೆಸರು ಕೇಳಿ ಅರ್ಥವಾಗದ ಆಯ್ಕೆಗಳನ್ನೆಲ್ಲ ಹೊಲದ ಕಳೆಯಂತೆ ಕಿತ್ತು ಹಾಕಿದ್ದೆ. ಕಾರ್ಡು ಸಿಕ್ಕಿಸಿ ಸ್ವಿಚ್ ಒತ್ತಿದಾಗ ಟಿವಿಯ ಮೇಲೆ ಕಾಮನಬಿಲ್ಲಿನ ಬಣ್ಣದ ಚೌಕವೊಂದು ಮೂಡಿ ಮಾಯವಾಯಿತು. ಆಮೇಲೆ ಅಮಾವಾಸ್ಯೆ. ಕರ್ನೆಲ್ ಸತ್ತಿದೆ ಎಂದು ತೀರ್ಮಾನಿಸಿ ಮತ್ತೆ ಕಟ್ಟಿದೆ. ಪ್ರತಿ ಸಲವೂ ಲ್ಯಾಪ್‌ಟಾಪಿನ ಮೇಲೆ ರೊಟ್ಟಿ ಬೇಯಿಸುವಷ್ಟು ಬಿಸಿ. ಪ್ರತಿ ಸಲವೂ ಅದೇ ಅಮಾವಾಸ್ಯೆ.

ನನ್ನ ಮಾವನವರು ತಂತಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. 2013ರ ಜುಲೈಯಲ್ಲಿ ದೇಶದ ತಂತಿ ಸೇವೆಯೇ ನಿಂತುಹೋದ ಮೇಲೂ ಅವರ ಬೆರಳುಗಳು ಊಟದ ತಟ್ಟೆಯ ಅಂಚಿನ ಮೇಲೆ ಮೋರ್ಸ್ ಬಡಿಯುವುದನ್ನು ಬಿಟ್ಟಿಲ್ಲ. ಮೂರನೆಯ ಅಮಾವಾಸ್ಯೆಯ ಹೊತ್ತಿಗೆ ಅವರು ಬೋರ್ಡಿನ ಮೇಲೆ ಮಿನುಗುತ್ತಿದ್ದ ಹಸಿರು ದೀಪವನ್ನು ತೋರಿಸಿ, “ಅಳಿಯಂದ್ರ, ಒಳಗಿನಾಂವ ಸತ್ತಾನಂತ ಯಾಕ ತಿಳಕೋತೀರಿ? ಮೊದಲ ತಂತಿ ನೋಡ್ರಿ” ಎಂದರು. ಆ ದೀಪ ಮಿನುಗುವುದು ಮೆಮರಿ ಕಾರ್ಡನ್ನು ಓದುವಾಗ. ಸತ್ತವರು ಓದುವುದಿಲ್ಲ. ಎಂಜಿನಿಯರಿಂಗ್ ಓದಿದ ನನಗೆ ಇದು ಹೊಳೆದಿರಲಿಲ್ಲವೆಂಬುದನ್ನು ಹೆಂಡತಿಯ ಎದುರು ಒಪ್ಪಿಕೊಳ್ಳದೆ, ಬೋರ್ಡಿನ ಮಾತನ್ನು ಅಕ್ಷರಗಳಾಗಿ ಲ್ಯಾಪ್‌ಟಾಪಿಗೆ ತರುವ ಸೀರಿಯಲ್ ಕೇಬಲ್ ಕೊಳ್ಳಲು ಹೊರಟೆ.

ದಾದರಿನಲ್ಲಿ ಗಾಡಿ ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿಳಿದು, ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ ನಾಲ್ಕು ಬಣ್ಣದ ತುದಿಗಳಿದ್ದ ಯುಎಸ್‌ಬಿ ಕೇಬಲ್ ಕೊಂಡೆ. ಕೆಂಪು ತಂತಿಯಲ್ಲಿ 5 ವೋಲ್ಟ್ ಇರುತ್ತದೆ, ಪೈಯ ಪಿನ್ನುಗಳು 3.3 ವೋಲ್ಟಿನವು, ಆದ್ದರಿಂದ ಅದನ್ನು ಮುಟ್ಟಲೇಬೇಡಿ ಎಂದು ಅಂಗಡಿಯವರು ಎರಡೆರಡು ಬಾರಿ ಹೇಳಿದರು. ನನ್ನ ಮುಖದಲ್ಲಿ ಅವರಿಗೆ ಏನೋ ಕಂಡಿರಬೇಕು.

ಮನೆಗೆ ಬಂದು ಜೋಡಿಸಿದರೆ ಲ್ಯಾಪ್‌ಟಾಪಿನಲ್ಲೂ ಮೌನ. “ಸೀರಿಯಲ್ ಬರುತ್ತಿಲ್ಲ” ಎಂದು ಗೊಣಗಿದ್ದು ಅತ್ತೆಯವರ ಕಿವಿಗೆ ಬಿತ್ತು. “ಮೂರು ದಿನಾ ಆತು, ನಮಗೂ ಬಂದಿಲ್ಲ ನೋಡ್ರಿ” ಎಂದು ಅವರು ಒಳಗೆ ಹೋದರು.

ನಾನು ಕಳುಹಿಸುವ ಪಿನ್ನನ್ನು ಕಳುಹಿಸುವ ಪಿನ್ನಿಗೇ ಕಟ್ಟಿದ್ದೆ. ಅಂದರೆ ಎರಡು ಬಾಯಿಗಳನ್ನು ಎದುರುಬದುರು ಕೂರಿಸಿ ಕಿವಿಗಳನ್ನು ಮರೆತಿದ್ದೆ. ಅದನ್ನು ಅದಲುಬದಲು ಮಾಡಿದರೂ ಮೌನ ಮುರಿಯಲಿಲ್ಲ. ಪೈ 3ರಲ್ಲಿ ಒಳ್ಳೆಯ ಸೀರಿಯಲ್ ಪೋರ್ಟನ್ನು ಬ್ಲೂಟೂತ್ ಕಬಳಿಸಿದೆ, ನಮಗೆ ಉಳಿಯುವುದು ಮಿನಿ ಯುಆರ್ಟ್ ಎಂಬ ಬಡಪಾಯಿ, ಅದರ ವೇಗವೋ ಚಿಪ್ಪಿನ ಗಡಿಯಾರದೊಂದಿಗೆ ಏರಿಳಿಯುವಂಥದ್ದು, ಹಾಗಾಗಿ ನಾವಾಗಿ ಕೇಳುವವರೆಗೂ ಅದು ಬಾಯಿಯನ್ನೇ ತೆರೆಯುವುದಿಲ್ಲ. ಕಾನ್ಫಿಗ್ ಕಡತದಲ್ಲಿ ‘ಎನೇಬಲ್ ಯುಆರ್ಟ್’ ಎಂಬ ಒಂದು ಸಾಲು ಬರೆದರೆ ಗಡಿಯಾರ 250 ಮೆಗಾಹರ್ಟ್ಸಿಗೆ ಕಟ್ಟುಬೀಳುತ್ತದೆ. ಬರೆದೆ. ಈಗ ಪರದೆಯ ತುಂಬ ಮಂತ್ರವಾದಿಯ ತಗಡಿನಂತಹ ಅಕ್ಷರಗಳು. ಪೈ 115200ರ ವೇಗದಲ್ಲಿ ಹೇಳುತ್ತಿದ್ದುದನ್ನು ನಾನು 9600ರ ವೇಗದಲ್ಲಿ ಕೇಳುತ್ತಿದ್ದೆ. ಈ ವೇಗದ ಅಳತೆಯಾದ ‘ಬಾಡ್’ ಎಂಬುದು ಫ್ರಾನ್ಸಿನ ತಂತಿ ಎಂಜಿನಿಯರ್ ಎಮಿಲ್ ಬೋದೋ ಅವರ ಹೆಸರಿನಿಂದ ಬಂದದ್ದೆಂದು ತಿಳಿಸಿದಾಗ ಮಾವನವರು ತಮ್ಮ ಕುಟುಂಬದವರೊಬ್ಬರಿಗೆ ಪ್ರಶಸ್ತಿ ಬಂದಂತೆ ಬೀಗಿದರು. ಸೆಕೆಂಡಿಗೆ 11520 ಅಕ್ಷರ ಎಂದಾಗ ಮಾತ್ರ, “ಅಷ್ಟು ಜೋರ್ ಹೊಡೆದರ ಬರಕೊಳ್ಳೋರು ಯಾರು?” ಎಂದು ಕೇಳಿದರು.

ವೇಗ ಸರಿಪಡಿಸಿದ್ದೇ ತಡ, ಸಾಲುಗಳು ಧುಮ್ಮಿಕ್ಕಿದವು. ಕರ್ನೆಲ್ ಬದುಕಿತ್ತು! ಆದರೆ ತಾನು ಮೊದಲು ಓಡಿಸುವ ಪ್ರೋಗ್ರಾಮಾದ ‘ಇನಿಟ್’ ಅನ್ನು ಓಡಿಸುತ್ತಿದ್ದೇನೆ ಎಂದು ಹೇಳಿದ ಮೇಲೆ ಮತ್ತೆ ಮೂಕವಾಯಿತು. ಹಿಂದಕ್ಕೆ ಸರಿಸಿ ಒಂದೊಂದೇ ಸಾಲು ಓದುವಾಗ, ಆರಂಭದಲ್ಲೇ, ‘ಕನ್ಸೋಲ್: ಕಲರ್ ಡಮ್ಮಿ ಡಿವೈಸ್ 80x30’ ಎಂಬುದು ಕಣ್ಣಿಗೆ ಬಿತ್ತು. ಕನ್ಸೋಲ್ ಎಂದರೆ ಕರ್ನೆಲ್ ತನ್ನ ಮಾತನ್ನು ಬರೆಯುವ ಜಾಗ. ಕಳೆ ಕೀಳುವ ಭರದಲ್ಲಿ, ಟಿವಿಯ ಮೇಲೆ ಅಕ್ಷರ ಬರೆಯುವ ಫ್ರೇಮ್‌ಬಫರ್ ಕನ್ಸೋಲನ್ನೂ ನಾನು ಕಿತ್ತಿದ್ದೆ. ಕರ್ನೆಲ್ ಪಾಪ, 80 ಅಕ್ಷರ ಅಗಲದ, 30 ಸಾಲು ಎತ್ತರದ, ಇಲ್ಲವೇ ಇಲ್ಲದ ಪರದೆಯೊಂದನ್ನು ಕಲ್ಪಿಸಿಕೊಂಡು, ಕಿವುಡನ ಮುಂದೆ ಕಿನ್ನರಿ ನುಡಿಸುತ್ತಾ ಕುಳಿತಿತ್ತು. ಇದರ ಮೇಲೆ ನನ್ನದೇ ಇನ್ನೊಂದು ಉಪಕಾರವಿತ್ತು. ಆರಂಭದಲ್ಲಿ ಕರ್ನೆಲ್ಲಿಗೆ ಕೊಡುವ ಬೂಟ್ ಸಾಲಿನಲ್ಲಿ ಹಲವು ಕನ್ಸೋಲುಗಳನ್ನು ಬರೆದರೆ ಕರ್ನೆಲ್ಲಿನ ಸಂದೇಶಗಳು ಎಲ್ಲಕ್ಕೂ ಹೋಗುತ್ತವೆ, ಇನಿಟ್‌ನ ಮಾತು ಮಾತ್ರ ಕೊನೆಯಲ್ಲಿ ಬರೆದದ್ದಕ್ಕೆ ಹೋಗುತ್ತದೆ. ಕೊನೆಯಲ್ಲಿ ನಾನು ಬರೆದದ್ದು ಆ ಡಮ್ಮಿಯನ್ನೇ.

ಫ್ರೇಮ್‌ಬಫರನ್ನು ಮರಳಿ ನೆಟ್ಟು ಕೊನೆಯ ಸಲ ಕಟ್ಟಿದೆ. ಟಿವಿಯ ಮೇಲೆ, ಪ್ರೊಸೆಸರಿನ ಕೋರಿಗೊಂದರಂತೆ, ನಾಲ್ಕು ರಾಸ್ಪ್‌ಬೆರಿ ಹಣ್ಣುಗಳು ಸಾಲಾಗಿ ಮೂಡಿದವು. ಮನೆಯವರನ್ನೆಲ್ಲ ಕರೆದೆ. ಎಲ್ಲ ಮುಗಿದ ಮೇಲೆ ‘ನಮಸ್ಕಾರ, ಬರ್ರಿ ಮಾವನವರೇ’ ಎಂದು ಕನ್ನಡದಲ್ಲೇ ಸ್ವಾಗತಿಸುವಂತೆ ನಾನು ಮೊದಲ ದಿನವೇ ಬರೆದಿಟ್ಟಿದ್ದೆ. ಲಿನಕ್ಸ್ ಕನ್ಸೋಲಿನ ಅಕ್ಷರಪೆಟ್ಟಿಗೆಯಲ್ಲಿ 512ಕ್ಕಿಂತ ಹೆಚ್ಚು ಆಕಾರಗಳಿಗೆ ಜಾಗವಿಲ್ಲ, ಒತ್ತಕ್ಷರ ಜೋಡಿಸುವ ವಿದ್ಯೆ ಅದಕ್ಕೆ ಬಾರದು ಎಂಬುದು ನನಗೆ ನೆನಪಾದದ್ದು, ಸ್ವಾಗತದ ಜಾಗದಲ್ಲಿ ಒಂದೇ ಅಚ್ಚಿನ ಗುರುತುಗಳು ಇರುವೆಗಳಂತೆ ಸಾಲುಗಟ್ಟಿ ನಿಂತಾಗ.

ಮಾವನವರು ಕನ್ನಡಕ ಸರಿಪಡಿಸಿಕೊಂಡು, “ಇದು ಯಾವ ಕೋಡ್ ರೀ?” ಎಂದು ಕೇಳಿದರು. ಅತ್ತೆಯವರು ರಿಮೋಟ್ ಕೈಗೆತ್ತಿಕೊಂಡರು.