ಕ್ಲೇಮ್ ಕಡಿಮೆ ಬಂದ ಕಾರೆಲ್ಲ ಸುರಕ್ಷಿತವೇ?

ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿ ಹೋದ ವಾರ ಒಂದು ಪಟ್ಟಿಯ ಫೋಟೊ ಕಳುಹಿಸಿದ್ದಳು. ಮಗಳಿಗೆ ಡ್ರೈವಿಂಗ್ ಲೈಸೆನ್ಸ್ ಬಂದಿದೆ, ಅವಳಿಗೊಂದು ಸೆಕೆಂಡ್ ಹ್ಯಾಂಡ್ ಕಾರು ಕೊಡಿಸಬೇಕು. ಅಮೆರಿಕದ ಹೈವೇ ಲಾಸ್ ಡೇಟಾ ಇನ್‌ಸ್ಟಿಟ್ಯೂಟ್ ಪ್ರಕಟಿಸುವ ಮಾದರಿವಾರು ಪಟ್ಟಿಯಲ್ಲಿ ಡಿಕ್ಕಿಯ ರಿಪೇರಿಗೆ ಸಂಬಂಧಿಸಿದ ಅಂಕಣವನ್ನು ನೋಡಿ, ಅದರಲ್ಲಿ ಅತಿ ಕಡಿಮೆ ಸಂಖ್ಯೆಯಿದ್ದ ಕಾರಿಗೆ ಗುರುತು ಹಾಕಿ, "ಇದೇ ಸೇಫ್ ಅಲ್ವಾ?" ಎಂದು ಕೇಳಿದ್ದಳು. ಅಲ್ಲ ಎಂದು ನಾನು ತಕ್ಷಣ ಹೇಳಿದೆ. ಯಾಕೆ ಅಲ್ಲ ಎಂಬುದನ್ನು ಸಮಾಧಾನವಾಗಿ ಬರೆಯಬೇಕೆನಿಸಿತು, ಏಕೆಂದರೆ ಈ ತಪ್ಪನ್ನು ಬಹಳ ತಿಳಿದವರೂ ಮಾಡುತ್ತಾರೆ.

ಆ ಸಂಸ್ಥೆ 1972ರಲ್ಲಿ ಶುರುವಾದದ್ದು. ಅದನ್ನು ನಡೆಸುತ್ತಿರುವುದು ವಿಮಾ ಕಂಪನಿಗಳ ಹಣ. ಒಂದು ಕಾರು ಒಂದು ವರ್ಷ ವಿಮೆಯಲ್ಲಿದ್ದರೆ ಅದು ಒಂದು ಲೆಕ್ಕ; ಅಂಥ ಲಕ್ಷಾಂತರ ಲೆಕ್ಕಗಳಿಂದ ಒಂದೊಂದು ಮಾದರಿಯ ನಷ್ಟವನ್ನು ತೆಗೆದು, ಸರಾಸರಿಯನ್ನು 100 ಎಂದಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸುತ್ತಾರೆ. 100ಕ್ಕಿಂತ ಕಡಿಮೆ ಇದ್ದಷ್ಟೂ ಒಳ್ಳೆಯದು. ಆದರೆ ಒಳ್ಳೆಯದು ಯಾರಿಗೆ ಎಂಬುದು ಅಂಕಣದಿಂದ ಅಂಕಣಕ್ಕೆ ಬದಲಾಗುತ್ತದೆ. ಸ್ವಂತ ಕಾರಿನ ರಿಪೇರಿ ಒಂದು ಅಂಕಣ, ಎದುರಿನವರ ಆಸ್ತಿಗೆ ಆದ ಹಾನಿ ಇನ್ನೊಂದು, ಕಳವು ಮತ್ತು ಗಾಜು ಒಡೆದದ್ದೆಲ್ಲ ಮತ್ತೊಂದು. ಒಳಗೆ ಕುಳಿತವರ ಗಾಯದ ಚಿಕಿತ್ಸೆಗೆ ಎರಡು ಅಂಕಣಗಳು, ಎದುರಿನವರ ಗಾಯಕ್ಕೆ ಒಂದು. ತಂಗಿ ನೋಡಿದ್ದು ಮೊದಲನೆಯದನ್ನು, ಅಂದರೆ ತಗಡು, ಬಣ್ಣ, ದೀಪಗಳ ಖರ್ಚನ್ನು.

ಆ ಖರ್ಚು ಎಂಥದ್ದೆಂಬುದು ನನಗೆ ಸ್ವಂತ ಅನುಭವದಿಂದ ಗೊತ್ತು. ಕಳೆದ ಮಳೆಗಾಲದಲ್ಲಿ ಮನೆಯ ಗೇಟಿನ ಕಂಬಕ್ಕೆ ನಾನೇ ಹಿಂದಿನಿಂದ ಕಾರನ್ನು ತಾಗಿಸಿದೆ. ಕಾರಿನ ವೇಗ ನಡೆದು ಹೋಗುವವನಿಗಿಂತ ಹೆಚ್ಚಿರಲಿಲ್ಲ. ಬಂಪರಿನ ಎಡಮೂಲೆ ಒಳಗೆ ಹೋಯಿತು, ಎರಡು ಪಾರ್ಕಿಂಗ್ ಸೆನ್ಸರ್ ಹೋದವು, ಬಣ್ಣ ಸೇರಿ ಬಿಲ್ಲು 38,000 ರೂಪಾಯಿ. ಸರ್ವೇಯರ್ ಬಂದು ನಾಲ್ಕು ಫೋಟೊ ತೆಗೆದುಕೊಂಡು ಹೋದರು, ಅದು ಒಂದು ಕ್ಲೇಮ್ ಆಯಿತು. ಅದಕ್ಕೂ ಮೊದಲು ಎರಡು ಸಲ ಬಾಗಿಲಿಗೆ ಗೀರು ಬಿದ್ದಾಗ ನೋ ಕ್ಲೇಮ್ ಬೋನಸ್ ಉಳಿಸಿಕೊಳ್ಳಲು ಕೈಯಿಂದಲೇ ದುಡ್ಡು ಕೊಟ್ಟಿದ್ದೆ. ಅವೆರಡೂ ಯಾವ ಲೆಕ್ಕಕ್ಕೂ ಸೇರಲಿಲ್ಲ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಸ್ವಂತ ಕಾರಿನ ಹಾನಿಗೆಂದು ಕಟ್ಟುವ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ. 50ರವರೆಗೆ ರಿಯಾಯಿತಿ ಸಿಗುವಾಗ ಯಾರಾದರೂ ಹೀಗೆಯೇ ಮಾಡುತ್ತಾರೆ. ಈ ಮೂರು ಘಟನೆಗಳಿಂದ ನನ್ನ ಕಾರಿನ ಸುರಕ್ಷತೆಯ ಬಗ್ಗೆ ಒಂದು ಅಕ್ಷರವೂ ತಿಳಿಯುವುದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದನ್ನೂ ಕಣ್ಣಾರೆ ಕಂಡಿದ್ದೇನೆ. ನಮ್ಮ ಬೀದಿಯವರೊಬ್ಬರ ಕಾರು ತುಮಕೂರು ರಸ್ತೆಯಲ್ಲಿ ನಿಂತಿದ್ದ ಲಾರಿಗೆ ಗುದ್ದಿತ್ತು. ಗ್ಯಾರೇಜಿನಲ್ಲಿ ನೋಡಿದಾಗ ಎಂಜಿನ್ ಭಾಗ ಕಾಗದವನ್ನು ಮುದುಡಿ ಎಸೆದಂತಿತ್ತು. ಆದರೆ ಮುಂದಿನ ಬಾಗಿಲನ್ನು ಹಿಡಿದು ಎಳೆದರೆ ಅದು ಸಲೀಸಾಗಿ ತೆರೆದುಕೊಂಡಿತು, ಒಳಗೆ ಸ್ಟೇರಿಂಗ್ ಇದ್ದಲ್ಲೇ ಇತ್ತು. ಮೂವರೂ ನಡೆದುಕೊಂಡೇ ಹೊರಬಂದಿದ್ದರು. ವಿಮೆಯವರು ಅದನ್ನು ಟೋಟಲ್ ಲಾಸ್, ಅಂದರೆ ರಿಪೇರಿ ಮಾಡಿಸಿ ಪ್ರಯೋಜನವಿಲ್ಲದ್ದು ಎಂದು ಬರೆದುಕೊಂಡರು. ಡಿಕ್ಕಿಯ ಶಕ್ತಿಯನ್ನು ತಾನು ನುಂಗಿ ಒಳಗಿನವರನ್ನು ಉಳಿಸಲೆಂದೇ ಮಾಡಿದ ಭಾಗ ಮುದುಡಿದ್ದು ಕಾರಿನ ಯಶಸ್ಸು, ಆದರೆ ರಿಪೇರಿಯ ಅಂಕಣದಲ್ಲಿ ಅದು ಆ ಮಾದರಿಯ ಹೆಸರಿಗೆ ಕಳಂಕವಾಗಿ ದಾಖಲಾಗುತ್ತದೆ.

ಆದ್ದರಿಂದ ತಂಗಿಗೆ ಗಾಯದ ಅಂಕಣಗಳನ್ನು ನೋಡಲು ಹೇಳಿದೆ, ಅದನ್ನೂ ಒಂದೇ ಗಾತ್ರದ ಕಾರುಗಳ ನಡುವೆ ಮಾತ್ರ ಹೋಲಿಸಲು ಹೇಳಿದೆ. ಚಾಲಕರ ವಯಸ್ಸಿನಂಥ ವ್ಯತ್ಯಾಸಗಳನ್ನು ಆ ಸಂಸ್ಥೆಯವರು ಲೆಕ್ಕದಲ್ಲಿ ಸರಿದೂಗಿಸುತ್ತಾರಾದರೂ, ಓಡಿಸುವವರ ಸ್ವಭಾವವನ್ನು ಪೂರ್ತಿ ತೆಗೆದುಹಾಕಲು ಆಗುವುದಿಲ್ಲ. ಮಕ್ಕಳನ್ನು ಶಾಲೆಗೆ ಬಿಡುವ ಮಿನಿವ್ಯಾನನ್ನು ಓಡಿಸುವ ರೀತಿಯೇ ಬೇರೆ, ಭಾರಿ ಎಂಜಿನ್ನಿನ ಸ್ಪೋರ್ಟ್ಸ್ ಕಾರನ್ನು ಓಡಿಸುವ ರೀತಿಯೇ ಬೇರೆ. ಲೆಕ್ಕ ಇರುವುದು ವರ್ಷಕ್ಕೆ, ಮೈಲಿಗಲ್ಲ. ವಾರಕ್ಕೊಮ್ಮೆ ಹೊರಬರುವ ಕಾರೂ ದಿನಾ ಅರವತ್ತು ಮೈಲಿ ಓಡುವ ಕಾರೂ ಅಲ್ಲಿ ಒಂದೇ. ದೊಡ್ಡ ಪಿಕಪ್ ಟ್ರಕ್ಕುಗಳ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಸಂಗತಿ. ಭಾರ ಹೆಚ್ಚಿದ್ದರೆ ಒಳಗಿನವರಿಗೆ ಗಾಯ ಕಡಿಮೆ, ಆದರೆ ಅದೇ ಭಾರ ಎದುರಿನ ಚಿಕ್ಕ ಕಾರಿನವರ ಮೇಲೆ ಬೀಳುತ್ತದೆ. ಒಂದು ಅಂಕಣವನ್ನು ಮಾತ್ರ ಓದಿ ಅವನ್ನು ಸುರಕ್ಷಿತ ಎನ್ನುವುದು ನನ್ನ ಮಟ್ಟಿಗೆ ಅನ್ಯಾಯ.

ಹಾಗೆಂದು ಕ್ಲೇಮ್ ಅಂಕಿಗಳು ಕೆಲಸಕ್ಕೆ ಬಾರದವು ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಯ ಅಂಗಳದಲ್ಲಿ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬ್ರೇಕು ಬಹಳ ಚೆನ್ನಾಗಿ ಕೆಲಸ ಮಾಡಿತ್ತು, ಒದ್ದೆ ರಸ್ತೆಯಲ್ಲೂ ಕಾರು ಹಿಡಿತ ತಪ್ಪಲಿಲ್ಲ. ಆದರೆ 1990ರ ದಶಕದಲ್ಲಿ ಇದೇ ಸಂಸ್ಥೆ ಒಂದೇ ಮಾದರಿಯ ಕಾರುಗಳನ್ನು ಎಬಿಎಸ್ ಬರುವ ಮುಂಚಿನವು, ಬಂದ ನಂತರದವು ಎಂದು ಬೇರೆ ಮಾಡಿ ನೋಡಿದಾಗ ಕ್ಲೇಮ್‌ಗಳು ಕಡಿಮೆಯಾಗಿರಲಿಲ್ಲ. ಅದೇ ಕಾರು, ಹೆಚ್ಚುಕಡಿಮೆ ಅದೇ ಬಗೆಯ ಗಿರಾಕಿಗಳು, ಬದಲಾದದ್ದು ಒಂದು ಭಾಗ ಮಾತ್ರ. ಕ್ಲೇಮ್ ಅಂಕಿಗಳ ನಿಜವಾದ ಬೆಲೆ ಇರುವುದು ಇಂಥ ಹೋಲಿಕೆಯಲ್ಲಿ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಮುಂದಿನ ವಾಹನಕ್ಕೆ ಗುದ್ದುವುದನ್ನು ನಿಜವಾಗಿಯೂ ತಗ್ಗಿಸುತ್ತದೆ ಎಂಬುದೂ ಅದು ಇರುವ, ಇಲ್ಲದಿರುವ ಕಾರುಗಳನ್ನು ಹೀಗೆ ಹೋಲಿಸಿದಾಗಲೇ ಗಟ್ಟಿಯಾದದ್ದು. ತಂಗಿಯ ಮಗಳ ಕಾರಿಗೆ ಅದು ಇರಲೇಬೇಕು ಎಂದು ಹಟ ಹಿಡಿದಿದ್ದೇನೆ.

ನಮ್ಮ ದೇಶದ ಮಾತು ಬಂದರೆ ಮನಸ್ಸಿಗೆ ಬೇಸರವಾಗುತ್ತದೆ. ಎದುರಿನವರಿಗೆ ಆಗುವ ಹಾನಿಗೆಂದು ಕಟ್ಟುವ ಥರ್ಡ್ ಪಾರ್ಟಿ ಪ್ರೀಮಿಯಂ 2022ರಲ್ಲಿ ನಿಗದಿಯಾದಂತೆ 1000 ಸಿಸಿ ಒಳಗಿನ ಕಾರಿಗೆ 2,094 ರೂಪಾಯಿ, 1500 ಸಿಸಿ ದಾಟಿದ್ದಕ್ಕೆ 7,897 ರೂಪಾಯಿ. ಡಿಕ್ಕಿ ಪರೀಕ್ಷೆಯಲ್ಲಿ ಕಾರಿಗೆ ಐದು ಸ್ಟಾರ್ ಬಂದಿದೆಯೋ ಸೊನ್ನೆ ಬಂದಿದೆಯೋ ಎಂಬುದಕ್ಕೆ ಆ ದರದಲ್ಲಿ ಜಾಗವಿಲ್ಲ. ಪರಿಹಾರದ ಮೊತ್ತವನ್ನು ನೋಡಿ ಕಾರಿನ ಸುರಕ್ಷತೆಯನ್ನು ಅಳೆಯುತ್ತೇನೆಂದು ಹೊರಟರಂತೂ ಪೂರ್ತಿ ದಾರಿ ತಪ್ಪುತ್ತದೆ. ಮೋಟಾರು ಅಪಘಾತ ನ್ಯಾಯಮಂಡಳಿ ಸತ್ತವರ ಆದಾಯವನ್ನು ಅವರ ವಯಸ್ಸಿನ ಗುಣಕದಿಂದ ಗುಣಿಸುತ್ತದೆ. 15ರಿಂದ 25ರ ವಯಸ್ಸಿನವರಿಗೆ ಆ ಗುಣಕ 18, 65 ದಾಟಿದವರಿಗೆ 5. ಒಂದೇ ಕಾರು, ಒಂದೇ ವೇಗ, ಒಂದೇ ಗಾಯ. ಆದರೂ ಸತ್ತವರು ಸಾಫ್ಟ್‌ವೇರ್ ಎಂಜಿನಿಯರೋ ಗಾರೆ ಕೆಲಸದವರೋ ಎಂಬುದರ ಮೇಲೆ ಕ್ಲೇಮ್ ಹತ್ತುಪಟ್ಟು ಬದಲಾಗಬಹುದು. ಮಾಲೀಕನೇ ಚಾಲಕನಾಗಿದ್ದು ಸತ್ತರೆ ಕಡ್ಡಾಯ ವಿಮೆಯ 15 ಲಕ್ಷ, ಕಾರು ಯಾವುದೇ ಇರಲಿ. ಈ ರೂಪಾಯಿಗಳಲ್ಲಿ ಕಾರಿನ ಗುಣ ಎಲ್ಲಿ ಕಾಣಬೇಕು?

ಕಾಣಬಹುದಾದದ್ದು ಎಣಿಕೆಯಲ್ಲಿ. ವಿಮಾ ಕಂಪನಿಗಳ ಪಾಲಿಸಿ ಮತ್ತು ಕ್ಲೇಮ್ ಮಾಹಿತಿಯನ್ನು ಒಟ್ಟುಗೂಡಿಸಲೆಂದೇ 2009ರಿಂದ ಹೈದರಾಬಾದಿನಲ್ಲಿ ಇನ್ಶೂರೆನ್ಸ್ ಇನ್ಫರ್ಮೇಶನ್ ಬ್ಯೂರೋ ಇದೆ. 2022ರ ಒಂದೇ ವರ್ಷದಲ್ಲಿ 1,68,491 ಜನ ರಸ್ತೆಯಲ್ಲಿ ಸತ್ತ ದೇಶ ಇದು. ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದು ಡಿಕ್ಕಿ ಪರೀಕ್ಷೆಯ ಸ್ಟಾರುಗಳು ನಮ್ಮಲ್ಲೇ ಸಿಗುವಂತಾಗಿವೆ. ಆ ಸ್ಟಾರುಗಳು ರಸ್ತೆಯಲ್ಲಿ ನಿಜವಾಗುತ್ತಿವೆಯೇ ಎಂದು ತಿಳಿಯಬೇಕಾದರೆ ಯಾವ ಮಾದರಿಯ ಎಷ್ಟು ಕಾರುಗಳು ಒಂದು ವರ್ಷ ವಿಮೆಯಲ್ಲಿದ್ದವು, ಅವುಗಳ ಒಳಗಿದ್ದ ಎಷ್ಟು ಜನರಿಗೆ ಗಾಯವಾಯಿತು, ಎಷ್ಟು ಜನ ಸತ್ತರು, ಹೊರಗೆ ಎಷ್ಟು ಜನರನ್ನು ಅವು ಗಾಯಗೊಳಿಸಿದವು ಎಂಬ ನಾಲ್ಕು ಅಂಕಣಗಳು ಸಾಕು. ಅಷ್ಟನ್ನು ಜನರ ಕೈಗೆ ಕೊಡಿ ಎಂದು ಕೇಳುತ್ತಿದ್ದೇನೆ.