ಮನೆಗೆ ಕಾರ್ ಲಿಫ್ಟ್ ಬೇಕಾ? ದುಡ್ಡು ಮೊದಲು ನೆಲಕ್ಕೆ ಹಾಕಿ

ಮನೆ ಗ್ಯಾರೇಜಿಗೆ ಎರಡು ಕಂಬದ ಲಿಫ್ಟ್ ಹಾಕಿಸಬೇಕು ಅಂತ ಹೊರಟವರು ಮೊದಲು ಕೇಳುವುದು "ಯಾವ ಕಂಪನಿದು, ಎಷ್ಟು ಟನ್ನಿಂದು?" ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಸ್ವಿಫ್ಟ್ 900 ಕೆಜಿ ಆಸುಪಾಸು, ಫಾರ್ಚೂನರ್ ಎರಡು ಟನ್ನಿಗೆ ಸ್ವಲ್ಪ ಮೇಲೆ. 4 ಟನ್ನಿನ ಮಾಮೂಲಿ ಲಿಫ್ಟ್ ಇವನ್ನೆಲ್ಲ ಆರಾಮಾಗಿ ಎತ್ತುತ್ತದೆ. ಎತ್ತಿದ್ದನ್ನು ನೆಲ ಹಿಡಿದುಕೊಳ್ಳುತ್ತದಾ ಅನ್ನುವುದೇ ಚಿಂತೆ. ನೆಲ ಅಗೆಸಿ ಹೊಸ ಕಾಂಕ್ರೀಟು ಹಾಕಿಸಲು ಮನಸ್ಸಿಲ್ಲದವರು ಎರಡು ಕಂಬದ ಲಿಫ್ಟಿನ ಆಸೆ ಬಿಡುವುದೇ ಒಳ್ಳೆಯದು ಅಂತ ಖಡಾಖಂಡಿತವಾಗಿ ಹೇಳುತ್ತೇನೆ.

ಅಗೆಯುವ ಮುಂಚೆ ಟೇಪು ಹಿಡಿಯಿರಿ. ಎರಡು ಕಂಬದ ಲಿಫ್ಟಿನ ಹೊರ ಅಗಲ ಸುಮಾರು 3.4 ಮೀಟರ್, ಅಂದರೆ 11 ಅಡಿಗೂ ಜಾಸ್ತಿ. 30×40 ಸೈಟಿನ ಮನೆಗಳಲ್ಲಿ ಕಾರಿಗೆ ಬಿಟ್ಟಿರುವುದು ಹೆಚ್ಚೂಕಮ್ಮಿ 10 ಅಡಿ. ಎಷ್ಟೋ ಜನರ ಲೆಕ್ಕಾಚಾರ ಇಲ್ಲಿಗೇ ಮುಗಿಯುತ್ತದೆ. ಎತ್ತರವನ್ನು ಛಾವಣಿಗಲ್ಲ, ಬೀಮಿನ ತಳಕ್ಕೆ ಅಳೆಯಿರಿ. ಟ್ಯೂಬ್‌ಲೈಟು, ಫ್ಯಾನು, ರೋಲಿಂಗ್ ಶಟರಿನ ಸುರುಳಿ ಎಲ್ಲ ಲೆಕ್ಕಕ್ಕೆ ಬರುತ್ತವೆ. ಒಂದೂವರೆ ಮೀಟರ್ ಎತ್ತರದ ಹ್ಯಾಚ್‌ಬ್ಯಾಕಿನಲ್ಲಿ, ಲಿಫ್ಟಿನ ಪ್ಯಾಡು ತಗಲುವ ಜಾಗದಿಂದ ಕಾರಿನ ತಲೆಯವರೆಗೆ ಸುಮಾರು 1.3 ಮೀಟರ್. 10 ಅಡಿ ಛಾವಣಿಯಲ್ಲಿ ಮೇಲೆ ಒಂದು ಗೇಣಿನಷ್ಟಾದರೂ ಬಿಟ್ಟರೆ ಕಾರಿನ ಹೊಟ್ಟೆ ಐದು, ಐದೂಕಾಲು ಅಡಿಗೆ ನಿಲ್ಲುತ್ತದೆ. ಕೆಳಗೆ ನಿಂತವನು ಕತ್ತು ಬಗ್ಗಿಸಿಯೇ ಕೆಲಸ ಮಾಡಬೇಕು. ಡಿಕ್ಕಿಯ ಬಾಗಿಲು ತೆರೆದಿದ್ದರೆ ಅದೂ ಇಲ್ಲ. 12 ಅಡಿ ಇದ್ದರೆ ನೆಮ್ಮದಿ. ಕಂಬಗಳ ಮೇಲ್ತುದಿಯಲ್ಲಿ ಅಡ್ಡಪಟ್ಟಿ ಇರುವ ಮಾದರಿ ತಾನೇ ಹನ್ನೊಂದೂವರೆ ಅಡಿಗೆ ಬರುತ್ತದೆ; ಕೇಬಲ್ಲು, ಹೋಸು ನೆಲದ ತಟ್ಟೆಯ ಕೆಳಗೆ ಹಾಯುವ ಮಾದರಿ ಒಂಬತ್ತೂವರೆ ಅಡಿ ಆಸುಪಾಸು.

ಎಂಟು, ಒಂಬತ್ತು ಅಡಿಯ ಸ್ಟಿಲ್ಟ್ ಪಾರ್ಕಿಂಗ್ ಇರುವವರಿಗೆ ನನ್ನ ಮತ ಕತ್ತರಿ ಲಿಫ್ಟಿಗೆ. ಒಂದು ಮೀಟರ್ ಎತ್ತುವ ಸಿಸರ್ ಲಿಫ್ಟ್ ಸಾಕು. ಸ್ಟೂಲ್ ಮೇಲೆ ಕೂತು ಬ್ರೇಕು, ಸಸ್ಪೆನ್ಷನ್, ಆಯಿಲ್, ಟೈರು ಎಲ್ಲ ಮುಗಿಸಬಹುದು. ಭಾರ ನೇರ ಕೆಳಗೆ ಇಳಿಯುವುದರಿಂದ ಗಟ್ಟಿಯಾದ 100 ಮಿಮೀ ಕಾಂಕ್ರೀಟಿದ್ದರೆ ತಡೆಯುತ್ತದೆ. ಮಧ್ಯದಲ್ಲಿ ಚೌಕಟ್ಟು ಅಡ್ಡ ಬರುವುದರಿಂದ ಗೇರ್‌ಬಾಕ್ಸ್ ಇಳಿಸುವುದು ಮಾತ್ರ ಕಷ್ಟ. ನಾಲ್ಕು ಕಂಬದ್ದು ಒಂದರ ಮೇಲೊಂದು ಕಾರು ನಿಲ್ಲಿಸುವವರಿಗೆ ಸರಿ. ಚಕ್ರದ ಮೇಲೇ ಕಾರು ನಿಲ್ಲುವುದರಿಂದ ಚಕ್ರ ಬಿಚ್ಚಲು ನಡುವೆ ಇನ್ನೊಂದು ಜಾಕ್ ಬೇಕು. ಇದೆಲ್ಲ ಯಾಕೆ, ಹಳೇ ಕಾಲದ ಪಿಟ್ ತೋಡಿಸಿದರಾಯಿತು ಅನ್ನುವವರಿಗೆ ಒಂದು ಮಾತು: ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲೇ ಇಳಿದು ಕೂರುತ್ತದೆ. ಮಳೆಗಾಲದ ನೀರಿನ ಮಾತು ಬೇರೆ.

ಜಾಗ, ಎತ್ತರ ಎರಡೂ ಇವೆ ಅನ್ನುವವರು ಮುಂದೆ ಓದಿ.

ಎರಡು ಕಂಬದ ಲಿಫ್ಟಿನಲ್ಲಿ ಭಾರ ಕಂಬದ ನೆತ್ತಿಯ ಮೇಲೆ ಕೂರುವುದಿಲ್ಲ. ಕಾರು ಕೂರುವುದು ತೋಳುಗಳ ತುದಿಯಲ್ಲಿ, ಕಂಬದಿಂದ ಮುಕ್ಕಾಲು ಮೀಟರಿಗೂ ಹೆಚ್ಚು ಒಳಗೆ. ಎರಡು ಟನ್ನಿನ ಗಾಡಿಯಾದರೆ ಪ್ರತಿ ಕಂಬವನ್ನೂ ಒಂದು ಟನ್ ಒಳಕ್ಕೆ ಬಾಗಿಸಲು ನೋಡುತ್ತದೆ. ಆಗ ಬುಡದ ತಟ್ಟೆಯ ಹೊರಸಾಲಿನ ಬೋಲ್ಟುಗಳು ಮೇಲಕ್ಕೆ ಕಿತ್ತು ಬರಲು ಎಳೆಯುತ್ತವೆ. ತಟ್ಟೆಯ ಅಳತೆ ಹಿಡಿದು ಲೆಕ್ಕ ಹಾಕಿದರೆ ಆ ಎರಡು ಮೂರು ಬೋಲ್ಟುಗಳ ಮೇಲೆ ಒಟ್ಟು ಎರಡು ಟನ್ನಿಗೂ ಹೆಚ್ಚು ಎಳೆತ ಬೀಳುತ್ತದೆ. ಆ ಬೋಲ್ಟನ್ನು ಹಿಡಿದಿರುವುದು ಸುತ್ತಲಿನ ನಾಲ್ಕಾರು ಇಂಚಿನ ಕಾಂಕ್ರೀಟು ಮಾತ್ರ. ಮೇಲಿನ ಅಡ್ಡಪಟ್ಟಿ ಕೇಬಲ್, ಹೋಸುಗಳನ್ನು ದಾಟಿಸಲು ಇರುವುದು. ಅದು ಕಂಬವನ್ನು ನಿಲ್ಲಿಸಿಕೊಂಡಿದೆ ಅಂತ ನಂಬಬೇಡಿ.

ನಮ್ಮ ಮನೆಗಳ ಪಾರ್ಕಿಂಗ್ ನೆಲ ಏನು? ಮಣ್ಣು ತುಂಬಿ, ಮೇಲೆ ಮೂರು ನಾಲ್ಕು ಇಂಚು ಪಿಸಿಸಿ, ಅಂದರೆ ಬರೀ ಕಾಂಕ್ರೀಟು, ಅದರ ಮೇಲೆ ಗಾರೆ, ಪಾರ್ಕಿಂಗ್ ಟೈಲ್. ಕಬ್ಬಿಣ ಇಲ್ಲ. ಸಿಮೆಂಟು, ಮರಳು, ಜಲ್ಲಿಯ ಮಿಶ್ರಣ 1:4:8 ಆಗಿದ್ದರೂ ಆಶ್ಚರ್ಯವಿಲ್ಲ. ಕಾರು ನಿಲ್ಲಿಸಲು ಇದು ಧಾರಾಳ, ಬೋಲ್ಟ್ ಹಿಡಿಯಲು ಏನೂ ಅಲ್ಲ. ನೋಡುವುದು ಸುಲಭ: ಮೂಲೆಯಲ್ಲಿ 12 ಮಿಮೀ ಡ್ರಿಲ್ ಬಿಟ್ಟಿನಿಂದ ಒಂದು ತೂತು ಕೊರೆಯಿರಿ. ಬೂದು ಪುಡಿ ಹೋಗಿ ಕೆಂಪು ಪುಡಿ ಬಂತೆಂದರೆ ಮಣ್ಣು ಮುಟ್ಟಿತು. ತುದಿ ಬಗ್ಗಿಸಿದ ತಂತಿ ಇಳಿಸಿ, ಕಾಂಕ್ರೀಟಿನ ತಳಕ್ಕೆ ಕೊಕ್ಕೆ ಹಾಕಿ ಎಳೆದು ದಪ್ಪ ಅಳೆಯಿರಿ.

ಲಿಫ್ಟಿನ ಕೈಪಿಡಿಗಳು ಸಾಮಾನ್ಯವಾಗಿ ಕೇಳುವುದು ಕನಿಷ್ಠ 4 ಇಂಚು ದಪ್ಪ, 3000 ಪಿಎಸ್‌ಐ (ಚದರ ಇಂಚಿಗೆ 3000 ಪೌಂಡು ತಡೆಯುವ) ಕಾಂಕ್ರೀಟು, 28 ದಿನ ಆಗಿರಬೇಕು ಅಂತ. 3000 ಪಿಎಸ್‌ಐ ಅಂದರೆ 20.7 ಮೆಗಾಪಾಸ್ಕಲ್, ಹಾಗಾದರೆ ನಮ್ಮ ಎಂ20, ಅಂದರೆ 20 ಮೆಗಾಪಾಸ್ಕಲ್ ದರ್ಜೆಯ ಕಾಂಕ್ರೀಟು, ಸಾಕಲ್ಲ ಅಂತ ಎಂಜಿನಿಯರುಗಳೂ ಎಡವುವುದುಂಟು. ಅಮೆರಿಕದವರು ಸಿಲಿಂಡರ್ ಒಡೆದು ಬಲ ಅಳೆಯುತ್ತಾರೆ, ನಾವು ಘನ ಒಡೆದು. ಅದೇ ಕಾಂಕ್ರೀಟಿನ ಸಿಲಿಂಡರು ಘನದ ಬಲದಲ್ಲಿ ನೂರಕ್ಕೆ ಸುಮಾರು 80 ಭಾಗ ಮಾತ್ರ ತೋರಿಸುತ್ತದೆ. ಹಾಗಾಗಿ ನಮ್ಮ ಲೆಕ್ಕದಲ್ಲಿ ಅದು ಎಂ25ಕ್ಕೂ ಒಂದು ಕೂದಲೆಳೆ ಮೇಲೆ. ಎಂ30 ಹಾಕಿಸಿದರೆ ನಿಶ್ಚಿಂತೆ.

ಇನ್ನೊಂದು ಅಪಾಯ ಬೆಂಗಳೂರಿನ ಕಡೆ ಹೆಚ್ಚು: ಕಾರು ನಿಲ್ಲಿಸುವ ಜಾಗದ ಕೆಳಗೇ ಸಂಪು ಇರುತ್ತದೆ. ಮುಚ್ಚಳ ಒಂದು ಮೂಲೆಯಲ್ಲಿ ಕಾಣುತ್ತದೆ, ತೊಟ್ಟಿ ಎಲ್ಲಿಯವರೆಗೆ ಹೋಗಿದೆ ಅಂತ ಯಾರಿಗೂ ನೆನಪಿರುವುದಿಲ್ಲ. ಸಂಪಿನ ಸ್ಲ್ಯಾಬಿನ ಮೇಲೆ ಕಂಬ ನಿಲ್ಲಿಸುವ ಮಾತೇ ಬೇಡ, ಗೋಡೆಗೆ ಅಂಟಿಕೊಂಡೂ ಅಗೆಯಬೇಡಿ. ಮಳೆನೀರಿನ ಇಂಗುಗುಂಡಿ, ಯುಜಿಡಿ (ಒಳಚರಂಡಿ) ಪೈಪು ಎಲ್ಲಿ ಹಾದಿವೆ ಅಂತ ಮೊದಲೇ ಗುರುತು ಮಾಡಿಕೊಳ್ಳಿ. ಕೆಳಗೆ ಬೇಸ್‌ಮೆಂಟ್ ಇರುವ ಅಪಾರ್ಟ್‌ಮೆಂಟಿನಲ್ಲಿ ಡ್ರಿಲ್ಲೇ ಮುಟ್ಟಬೇಡಿ. ಅದು ಪೋಸ್ಟ್ ಟೆನ್ಷನ್ ಸ್ಲ್ಯಾಬ್ ಆಗಿದ್ದರೆ ಒಳಗೆ ಬಿಗಿದಿಟ್ಟ ಉಕ್ಕಿನ ಕೇಬಲ್ ಇರುತ್ತದೆ; ಒಂದು ತುಂಡಾದರೆ ಹೋಗುವುದು ನಿಮ್ಮೊಬ್ಬರ ನೆಲವಲ್ಲ.

ಹೊಸ ಅಡಿಪಾಯ ಎರಡು ಕಂಬಕ್ಕೆ ಎರಡು ಬೇರೆ ಬೇರೆ ತುಂಡಾಗಿ ಬೇಡ, ಒಂದೇ ಪಟ್ಟಿಯಾಗಿ ಇರಲಿ. 4 ಮೀಟರ್ ಉದ್ದ, 1.2 ಮೀಟರ್ ಅಗಲ, 300 ಮಿಮೀ ದಪ್ಪ. ಎರಡೂ ಕಂಬ ಒಳಕ್ಕೆ ಬಾಗಲು ನೋಡುವ ಬಲ ಆ ಪಟ್ಟಿಯೊಳಗೇ ಒಂದಕ್ಕೊಂದು ಸರಿಹೋಗುತ್ತದೆ. ಅಡಿಯಲ್ಲಿ ಮಣ್ಣು ದಮ್ಮಸ್ಸು ಮಾಡಿ 75 ಮಿಮೀ ಪಿಸಿಸಿ. ಕಂಬಿ 12 ಮಿಮೀದು, 150 ಮಿಮೀ ಅಂತರದಲ್ಲಿ, ಉದ್ದಕ್ಕೂ ಅಡ್ಡಕ್ಕೂ, ಮೇಲೊಂದು ಪದರ ಕೆಳಗೊಂದು ಪದರ. ಸುಮಾರು 120 ಕೆಜಿ ಕಬ್ಬಿಣ ಆಗುತ್ತದೆ. ಕಾಂಕ್ರೀಟು 1.44 ಘನ ಮೀಟರ್, ಸಿಮೆಂಟು ಸುಮಾರು 16 ಮೂಟೆ. ರೆಡಿಮಿಕ್ಸ್ ಸಿಕ್ಕರೆ ಅದೇ ಮೇಲು. ಸ್ಥಳದಲ್ಲೇ ಕಲೆಸುವುದಾದರೆ 1:1:2, ಮೂಟೆಗೆ ನೀರು 25 ಲೀಟರಿಗೆ ಮೀರಬಾರದು, ಎಂ ಸ್ಯಾಂಡ್ ಒದ್ದೆಯಾಗಿದ್ದರೆ ಇನ್ನೂ ಕಡಿಮೆ. ಮೇಸ್ತ್ರಿ "ಸರ್, ಗಟ್ಟಿ ಆಯ್ತು, ಎಳೆಯೋಕಾಗಲ್ಲ" ಅಂತ ಒಂದು ಬಕೆಟ್ ಸುರಿಯಲು ಬರುತ್ತಾನೆ. ಆ ಬಕೆಟ್ಟನ್ನು ತಡೆಯುವುದೇ ಅವತ್ತಿನ ನಿಮ್ಮ ಕೆಲಸ. ನೀಡಲ್ ವೈಬ್ರೇಟರ್ ಬಾಡಿಗೆಗೆ ತನ್ನಿ.

ಕಂಬಿ ಕಟ್ಟುವ ಮುಂಚೆ ಬುಡದ ತಟ್ಟೆಯ ತೂತುಗಳ ನಕಲನ್ನು ಪ್ಲೈವುಡ್ಡಿನಲ್ಲಿ ಮಾಡಿಟ್ಟುಕೊಳ್ಳಿ. ಯಾವ ತೂತಿನ ನೇರಕ್ಕೂ ಮೇಲಿನ ಪದರದ ಕಂಬಿ ಬರದಂತೆ ಸರಿಸಿ ಕಟ್ಟಿ. ಇದೊಂದನ್ನು ಮರೆತರೆ ಕೊರೆಯುವ ದಿನ ಡ್ರಿಲ್ಲಿನ ಬಿಟ್ಟು ಕಂಬಿಗೆ ತಗಲಿ ನಿಲ್ಲುತ್ತದೆ. ಅಲ್ಲಿಂದ ಕಂಬ ಸರಿಸಲೂ ಆಗದು, ಕಂಬಿ ಕತ್ತರಿಸಲೂ ಮನಸ್ಸು ಬಾರದು.

ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನಲ್ಲಿ ಇಷ್ಟೇ ಸಾಲದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು ಅಡಿಪಾಯವನ್ನು ಒಂದು ಬದಿಗೆ ಎತ್ತುತ್ತದೆ, ತೂಗುಗುಂಡಿಗೆ ನಿಲ್ಲಿಸಿದ ಕಂಬ ವರ್ಷದೊಳಗೆ ವಾಲುತ್ತದೆ. ಮೂರಡಿಯಾದರೂ ತೆಗೆಸಿ, ಮೊರಂ ಅನ್ನು ಅರ್ಧರ್ಧ ಅಡಿ ಪದರದಲ್ಲಿ ನೀರು ಹಾಕಿ ಬಡಿಸಿ, ಅದರ ಮೇಲೆ ಕಟ್ಟಿ. ಕರಾವಳಿಯವರಿಗೆ ಮಣ್ಣಿಗಿಂತ ತುಕ್ಕಿನ ಕಾಟ. ಉಕ್ಕಿನ ಕೇಬಲ್ಲಿಗೆ ಎಣ್ಣೆ ಒಣಗಲು ಬಿಡಬೇಡಿ.

ಮಟ್ಟದ ವಿಷಯ. ಪಾರ್ಕಿಂಗ್ ನೆಲಕ್ಕೆ ನೀರು ಹರಿಯಲೆಂದು ಗೇಟಿನ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ನೂರಕ್ಕೆ ಒಂದರಂತೆ ಹಿಡಿದರೂ 3 ಮೀಟರಿಗೆ 30 ಮಿಮೀ. ತಟ್ಟೆಯ ಕೆಳಗೆ ಉಕ್ಕಿನ ಶಿಮ್ (ತೆಳು ಬಿಲ್ಲೆ) ಕೊಟ್ಟು ಸರಿಮಾಡಬಹುದಾದದ್ದು ಹೆಚ್ಚೆಂದರೆ ಅರ್ಧ ಇಂಚು. ಆದ್ದರಿಂದ ಹೊಸ ಪಟ್ಟಿಯ ಮೇಲ್ಮೈ ಇಳಿಜಾರಿಲ್ಲದೆ ಮಟ್ಟವಾಗಿರಲಿ, ನೀರು ಪಕ್ಕದಿಂದ ಹೋಗಲಿ. ತಟ್ಟೆಯ ಕೆಳಗೆ ಟೈಲ್ ಬೇಡವೇ ಬೇಡ.

28 ದಿನ ಕಾಯಿರಿ. ಏಳು ದಿನಕ್ಕೆ ಗಟ್ಟಿಯಾಗಿ ಕಾಣುತ್ತದೆ, ನಿಜ. ಆದರೆ ಕಂಬವನ್ನು ನೆಲಕ್ಕೆ ಹಿಡಿಸುವ ಬೋಲ್ಟು, ಅಂದರೆ ವೆಜ್ ಆಂಕರ್, ತೂತಿನ ಒಳಗೆ ಅಗಲವಾಗಿ ಒತ್ತಿಯೇ ಹಿಡಿತ ಪಡೆಯುವುದು. ಎಳೆಯ ಕಾಂಕ್ರೀಟು ಅಲ್ಲೇ ಬಿರಿಯುತ್ತದೆ. ಕಂಬ ನಿಲ್ಲಿಸಲು ಚೈನ್ ಬ್ಲಾಕ್ ತನ್ನಿ, ಒಂದೊಂದು ಕಂಬವೂ ಇನ್ನೂರು ಕೆಜಿ ಮೇಲೆ. ಸೀಮೆಸುಣ್ಣದ ದಾರದಲ್ಲಿ ಚೌಕ ಹೊಡೆದು ಕರ್ಣ ಎರಡನ್ನೂ ಅಳೆಯಿರಿ, 5 ಮಿಮೀಗಿಂತ ವ್ಯತ್ಯಾಸ ಬೇಡ. ಬೋಲ್ಟು 19 ಮಿಮೀದಾದರೆ ಬಿಟ್ಟೂ 19, ಸವೆದ ಬಿಟ್ಟು ಬೇಡ. ತಟ್ಟೆಯ ತೂತಿನ ಮೂಲಕವೇ ನೇರವಾಗಿ ಕೊರೆಯಿರಿ. ಆಮೇಲೆ ಬ್ರಷ್ ಹಾಕಿ ಉಜ್ಜಿ, ಗಾಳಿ ಊದಿ, ಮತ್ತೆ ಉಜ್ಜಿ ಪುಡಿ ತೆಗೆಯಿರಿ. ಬಿಗಿಯುವುದು ಟಾರ್ಕ್ ರೆಂಚಿನಲ್ಲೇ. ಹಲವು ಕೈಪಿಡಿಗಳಲ್ಲಿ 150 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ, ನಿಮ್ಮ ಲಿಫ್ಟಿನದ್ದು ಏನಿದೆಯೋ ಅದೇ ಅಂತಿಮ. ಬಿಗಿಯುತ್ತಾ ಹೋದರೂ ಬೋಲ್ಟು ಸುಮ್ಮನೆ ತಿರುಗುತ್ತಿದ್ದರೆ ಆ ತೂತು ಕೆಟ್ಟಿತು. ಎರಡು ವಾಷರ್ ಹೆಚ್ಚಿಗೆ ಹಾಕಿ ಮುಚ್ಚಿಡುವ ಫಿಟರನ್ನು ಅಲ್ಲೇ ನಿಲ್ಲಿಸಿ.

ಕರೆಂಟು: ಇಲ್ಲಿನ ಲಿಫ್ಟುಗಳಲ್ಲಿ ಹೆಚ್ಚಿನವು 2.2 ಕಿಲೋವಾಟ್, ತ್ರೀ ಫೇಸ್. ಸಿಂಗಲ್ ಫೇಸಿನದ್ದೂ ಸಿಗುತ್ತದೆ. ಸಿಂಗಲ್ ಫೇಸಾದರೆ ಬೋರ್ಡಿನಿಂದ ನೇರ 4 ಚದರ ಮಿಮೀ ತಾಮ್ರದ ವೈರು, ಸಿ ಟೈಪಿನ 20 ಆಂಪಿಯರ್ ಎಂಸಿಬಿ, ಕರೆಂಟು ಸೋರಿದರೆ ಕಡಿಯುವ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್. ತೆಳು ವೈರಿನಲ್ಲಿ ವೋಲ್ಟೇಜ್ ಇಳಿದು ಮೋಟರು ಗುಂಯ್‌ಗುಡುತ್ತದೆಯೇ ಹೊರತು ಎತ್ತುವುದಿಲ್ಲ. ಜನ ಪಂಪನ್ನು ಬೈಯುತ್ತಾರೆ. ತ್ರೀ ಫೇಸಿನಲ್ಲಿ ಮೋಟರು ಓಡುತ್ತದೆ, ಲಿಫ್ಟ್ ಏಳುತ್ತಿಲ್ಲ ಅಂದರೆ ಫೇಸ್ ಅದಲುಬದಲಾಗಿ ಪಂಪು ಉಲ್ಟಾ ತಿರುಗುತ್ತಿದೆ. ತಕ್ಷಣ ನಿಲ್ಲಿಸಿ ಎರಡು ಫೇಸ್ ಬದಲಿಸಿ, ಹಾಗೇ ಓಡಿಸಿದರೆ ಪಂಪು ಹಾಳು.

ಹೈಡ್ರಾಲಿಕ್ ಆಯಿಲ್ ವಿಜಿ 32 ಅಥವಾ 46, ಸುಮಾರು 10 ಲೀಟರ್. ಹೋಸಿನ ಫ್ಲೇರ್ ಜಾಯಿಂಟುಗಳಿಗೆ ಟೆಫ್ಲಾನ್ ಟೇಪು ಸುತ್ತಬೇಡಿ. ಪ್ಲಂಬರ್ ಅಭ್ಯಾಸಬಲದಿಂದ ಸುತ್ತಿದ ಟೇಪಿನ ಚೂರು ವಾಲ್ವಿನಲ್ಲಿ ಸಿಕ್ಕಿಕೊಂಡರೆ, ಎತ್ತಿಟ್ಟ ಕಾರು ತಾನೇ ತಾನಾಗಿ ಇಂಚಿಂಚು ಇಳಿಯತೊಡಗುತ್ತದೆ.

ಎರಡು ಕಂಬಗಳ ನಡುವಿನ ಸಮತೋಲನದ ಕೇಬಲ್ಲುಗಳು ಭಾರ ಎತ್ತಲು ಇರುವುದಲ್ಲ, ಎರಡೂ ಬದಿ ಜೊತೆಯಾಗಿ ಏಳಲು. ಖಾಲಿ ಲಿಫ್ಟನ್ನು ನಾಲ್ಕೈದು ಸಲ ಏರಿಳಿಸಿ ಗಾಳಿ ಹೋಗಲು ಬಿಡಿ, ಎತ್ತಿದ್ದು ಕೆಳಗೆ ಜಾರದಂತೆ ಹಿಡಿಯುವ ಲಾಕಿನ ಟಕ್ ಸದ್ದು ಎರಡೂ ಕಡೆ ಒಟ್ಟಿಗೆ ಬರುವವರೆಗೆ ಕೇಬಲ್ ಬಿಗಿ ಹೊಂದಿಸಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೇಬಲ್ಲಿನಲ್ಲಿ ಎಳೆ ತುಂಡಾಗಿದೆಯಾ, ತೋಳಿನ ಪಿನ್ನು ಬಗ್ಗಿದೆಯಾ, ವೆಲ್ಡಿಂಗ್ ಬಳಿ ಕೂದಲು ಬಿರುಕಿದೆಯಾ ನೋಡಲೇಬೇಕು. ಹಳೇ ಸ್ಕ್ರೂ ಲಿಫ್ಟಾದರೆ ಕಂಚಿನ ನಟ್ಟು ಎಷ್ಟು ಸವೆದಿದೆ ಅಂತ ನೋಡದೆ ಮುಂಗಡ ಕೊಡಬೇಡಿ.

ಕಾರಿಟ್ಟು ಎತ್ತುವಾಗ ಪ್ಯಾಡು ಕಂಪನಿ ಗುರುತು ಮಾಡಿದ ಜಾಗಕ್ಕೇ. ಸ್ವಿಫ್ಟ್, ಕ್ರೆಟಾದಂಥವಕ್ಕೆ ಬಾಗಿಲ ಕೆಳಗಿನ ಅಂಚಿನ ಎರಡು ಕಚ್ಚುಗಳ ನಡುವೆ. ಬೊಲೆರೋ, ಥಾರ್, ಫಾರ್ಚೂನರಿಗೆ ಚಾಸಿಸ್ ರೈಲಿಗೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಪೆಟ್ಟಿಗೆಗೆ ಪ್ಯಾಡು ತಗಲಲೇಬಾರದು. ಚಕ್ರ ನೆಲದಿಂದ ಒಂದು ಗೇಣು ಎದ್ದೊಡನೆ ನಿಲ್ಲಿಸಿ, ಬಂಪರ್ ಹಿಡಿದು ಅಲ್ಲಾಡಿಸಿ. ಮೂತಿ ಬಾಗಿದರೆ ಇಳಿಸಿ ಮತ್ತೆ ಹೊಂದಿಸಿ. ಎಂಜಿನ್ ಇಳಿಸುವ ಕೆಲಸವಿದ್ದರೆ ಹಿಂದೆ ಎತ್ತರದ ಸ್ಟ್ಯಾಂಡ್ ಕೊಡಿ, ಮುಂದಿನ ಭಾರ ಹೋದೊಡನೆ ಕಾರು ಹಿಂದಕ್ಕೆ ವಾಲುತ್ತದೆ. ಬೇಕಾದ ಎತ್ತರ ಬಂದ ಮೇಲೆ ಲಾಕಿನ ಮೇಲೆ ಇಳಿಸಿ ಕೂರಿಸಿ. ಎಣ್ಣೆಯ ಒತ್ತಡದ ಮೇಲೆ ನಿಂತ ಕಾರಿನ ಕೆಳಗೆ ಹೋಗುವುದು ಬೇಡ. ಇಳಿಸುವಾಗ ಮೊದಲು ಒಂದೆರಡು ಇಂಚು ಮೇಲೆತ್ತಿ, ಎರಡೂ ಕಡೆಯ ಲಾಕು ಬಿಟ್ಟಿದೆ ಅಂತ ಕಣ್ಣಾರೆ ನೋಡಿ. ಒಂದು ಬಿಟ್ಟು ಇನ್ನೊಂದು ಹಿಡಿದಿದ್ದರೆ ಕಾರು ಓರೆಯಾಗುವುದು ಆಗಲೇ.

ಬೋಲ್ಟುಗಳ ಟಾರ್ಕನ್ನು ಮೊದಲ ದಿನ ಕಾರೆತ್ತಿ ಇಳಿಸಿದ ಮೇಲೆ ಒಮ್ಮೆ, ವಾರದ ಮೇಲೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ನೋಡಿ. ಮೊದಲ ಸಲ ಸ್ವಲ್ಪ ಸಡಿಲ ಕಂಡರೆ ಗಾಬರಿ ಬೇಡ. ಅದೇ ಬೋಲ್ಟು ಪ್ರತಿ ತಿಂಗಳೂ ಸಡಿಲ ಕಂಡರೆ, ಅದರಲ್ಲೂ ಹೊರಸಾಲಿನದ್ದಾದರೆ, ಇನ್ನೊಮ್ಮೆ ಬಿಗಿದು ಸುಮ್ಮನಾಗಬೇಡಿ. ಕಾರು ಹೊರಗೆ ತೆಗೆದು, ತಟ್ಟೆಯ ಸುತ್ತ ಗುಡಿಸಿ ನೀರು ಚಿಮುಕಿಸಿ. ಮೇಲ್ಮೈ ಒಣಗುತ್ತಾ ಬಂದಾಗ ಬಿರುಕಿದ್ದ ಕಡೆ ಮಾತ್ರ ಒದ್ದೆ ಗೆರೆ ಉಳಿಯುತ್ತದೆ.