ಸತ್ಯಾಂಶ: ಭೂಕಂಪವಾದ ಕೂಡಲೇ ಕಾರು ಹತ್ತಿ ಹೊರಡಬೇಕೇ?

"ಭೂಮಿ ನಡುಗಿದರೆ ತಕ್ಷಣ ಕಾರಿನಲ್ಲಿ ಊರು ಬಿಡಿ, ಸೇತುವೆ ನಿಂತಿದ್ದರೆ ದಾರಿ ಸುರಕ್ಷಿತ" ಎಂಬ ಫಾರ್ವರ್ಡ್ ತಪ್ಪು, ಅಪಾಯಕಾರಿ ಕೂಡ.

ಜಪಾನಿನ ಕೋಬೆಯಲ್ಲಿ 1995ರ ಜನವರಿ 17ರ ಭೂಕಂಪದಲ್ಲಿ ಹನ್ಶಿನ್ ಎಂಬ, ಕಂಬಗಳ ಮೇಲೆ ಎತ್ತರಿಸಿದ ಹೆದ್ದಾರಿ ಸುಮಾರು 635 ಮೀಟರ್ ಉದ್ದಕ್ಕೆ ಮಗ್ಗುಲಿಗೆ ಉರುಳಿತು. ಉಳಿದ ರಸ್ತೆಗಳಿಗೆ ಖಾಸಗಿ ವಾಹನಗಳು ನುಗ್ಗಿದವು. ಅಗ್ನಿಶಾಮಕ ವಾಹನ, ಆಂಬುಲೆನ್ಸ್‌ಗಳು ಆ ದಟ್ಟಣೆಯಲ್ಲಿ ಸಿಕ್ಕಿಬಿದ್ದವು.

ಸೇತುವೆ ಗಟ್ಟಿಯಾಗಿದ್ದರೂ ಅದರ ತುದಿಗೆ ತುಂಬಿದ ಮಣ್ಣು ಕುಸಿಯಬಹುದು. ಡಾಂಬರು ರಸ್ತೆ ಇಳಿದು, ಆಗ ಸೇತುವೆಯ ಅಂಚು ಮೆಟ್ಟಿಲಿನಂತೆ ಎದ್ದು ನಿಲ್ಲುತ್ತದೆ. ಒಂದು ಗೇಣು ಎತ್ತರವಿದ್ದರೂ ಸಾಕು, ಆಂಬುಲೆನ್ಸ್ ದಾಟಲಾರದು. ಜಲ್ಲಿ ಸುರಿದು ಇಳಿಜಾರು ಮಾಡಬಹುದು, ಆದರೆ ಜಲ್ಲಿ ಲಾರಿ ಬರಲೂ ದಾರಿ ಖಾಲಿ ಇರಬೇಕು.

ಕಾರು ಓಡಿಸುತ್ತಿದ್ದರೆ ಜಪಾನಿನಲ್ಲಿ ಹೇಳಿಕೊಡುವ ಕ್ರಮ ಇದು: ನಿಧಾನವಾಗಿ ರಸ್ತೆಯ ಎಡಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ. ಬಿಟ್ಟು ಹೋಗಲೇಬೇಕಾದರೆ ಕೀಲಿ ಒಳಗೇ ಇಟ್ಟು, ಲಾಕ್ ಮಾಡದೆ ನಡೆಯಿರಿ. ರಕ್ಷಣಾ ಸಿಬ್ಬಂದಿ ಅದನ್ನು ಪಕ್ಕಕ್ಕೆ ಸರಿಸಬೇಕಾಗುತ್ತದೆ.